ಚೌತಿಯ ಚಕ್ಕೋತ, ನಾನು ಇಳಿಸಿದ ಮಾತ್ರೆ

ಚೌತಿ ಮುಗಿದು ಹತ್ತು ದಿನಕ್ಕೆ ನನ್ನ ರೋಗಿಯೊಬ್ಬರ ರಕ್ತದ ರಿಪೋರ್ಟ್ ಬಂತು. ಕಸಿ ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ಕೊಡುವ ಮದ್ದು ಟ್ಯಾಕ್ರೋಲಿಮಸ್, ರಕ್ತದಲ್ಲಿ ಅದರ ಲೆವೆಲ್ 16. ಅಲ್ಲಿಯವರೆಗೆ ಪ್ರತಿ ತಿಂಗಳೂ 7ರ ಆಸುಪಾಸಿನಲ್ಲೇ ಇರುತ್ತಿತ್ತು. ಶಿರಸಿ ಕಡೆಯ ಅಡಿಕೆ ತೋಟದವರು. ಅಮ್ಮ ಕೊಟ್ಟ ಕಿಡ್ನಿ, ಕಸಿಯಾಗಿ ಎಂಟು ತಿಂಗಳು. ‘ಎಲೆಗೆ ಸುಣ್ಣ ಹಚ್ಚೋಕೂ ಕೈ ನಿಲ್ತಿಲ್ಲ ಡಾಕ್ಟ್ರೇ’ ಅಂದರು. ಮದ್ದು ಜಾಸ್ತಿಯಾದರೆ ಬರುವ ನಡುಕವೇ ಅದು.

ನಾನು ಕೆಲಸ ಮಾಡುವುದೂ ಈ ಲೆವೆಲ್ ಮೇಲೇ. ಒಬ್ಬರದೇ ಲೆವೆಲ್ ತಿಂಗಳಿಂದ ತಿಂಗಳಿಗೆ ತುಂಬಾ ಏರಿಳಿದರೆ ರಿಜೆಕ್ಷನ್, ಅಂದರೆ ಮೈ ಕಸಿ ಕಿಡ್ನಿಯನ್ನು ತಳ್ಳಿಹಾಕುವುದು, ಆಗುವ ಸಂಭವ ಹೆಚ್ಚು. ನಮ್ಮ ಕರಾವಳಿ, ಘಟ್ಟದ ರೋಗಿಗಳಲ್ಲಿ ಈ ಏರಿಳಿತ ಯಾಕೆ ಬರುತ್ತದೆ ಅಂತ ನೋಡುತ್ತಿದ್ದೆ.

ಬೇರೆಯವರ ಕಿಡ್ನಿಯನ್ನು ನಮ್ಮ ಮೈ ಸುಲಭಕ್ಕೆ ಒಪ್ಪುವುದಿಲ್ಲ. 1954ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರೆ ಮಾಡಿದ ಕಸಿ ನಿಂತದ್ದು ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿಗಳಾಗಿದ್ದರಿಂದ. ಉಳಿದವರಿಗೆ ಮದ್ದೇ ಗತಿ. ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಕಡಿಮೆಯಾದರೆ ಮೈ ತಿರುಗಿ ಬೀಳುತ್ತದೆ, ಜಾಸ್ತಿಯಾದರೆ ಅದೇ ಮದ್ದು ಕಿಡ್ನಿಯನ್ನು ಹಾಳು ಮಾಡುತ್ತದೆ. ನಡುವಿನ ದಾರಿ ಬಹಳ ಕಿರಿದು.

ಲೆವೆಲ್ ನೋಡಲು ರಾತ್ರಿ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ದೂರದವರು ನಸುಕಿನ ಬಸ್ಸಿಗೆ ಹೊರಡುವಾಗ ಅಭ್ಯಾಸಬಲದಿಂದ ಮಾತ್ರೆ ನುಂಗಿಬಿಡುತ್ತಾರೆ. ಆಗ ಲೆವೆಲ್ ಸುಮ್ನೆ ಮೇಲೆ ತೋರಿಸುತ್ತದೆ. ಹಾಗಾಗಿ ಅದೊಂದೇ ಪ್ರಶ್ನೆ ಕೇಳಿದೆ. ‘ಇಲ್ಲ, ಮಾತ್ರೆ ಕಿಸೆಯಲ್ಲೇ ಇತ್ತು’ ಅಂದರು. ಹೊತ್ತಿಗೆ 3 ಮಿಲಿಗ್ರಾಂ ಇದ್ದದ್ದನ್ನು 2ಕ್ಕೆ ಇಳಿಸಿದೆ. ವಾರ ಬಿಟ್ಟು ಮತ್ತೆ ರಕ್ತ ಕೊಡಿ ಅಂದಿದ್ದೆ. ಮಳೆಗೆ ಘಟ್ಟದಲ್ಲಿ ಮಣ್ಣು ಜರಿದು ರಸ್ತೆ ಬಂದಾಗಿತ್ತು, ಅವರು ಬರಲಿಲ್ಲ. ನಡುಕ ಹೋಗಿದೆ ಅಂತ ಫೋನಿನಲ್ಲಿ ಹೇಳಿದರು, ನಾನೂ ಒತ್ತಾಯ ಮಾಡಲಿಲ್ಲ. ಅಲ್ಲೇ ಎಡವಿದ್ದು.

ಆರು ವಾರಕ್ಕೆ ಬಂದಾಗ ಲೆವೆಲ್ 3.8. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸ, ಕ್ರಿಯಾಟಿನಿನ್, 1.2ರಿಂದ 2ಕ್ಕೆ ಏರಿತ್ತು. ಮೂತ್ರ ಚೆನ್ನಾಗೇ ಹೋಗುತ್ತಿತ್ತು, ಜ್ವರ ಇಲ್ಲ, ನೋವಿಲ್ಲ. ರಿಜೆಕ್ಷನ್ ಎಷ್ಟೋ ಸಲ ಹೀಗೇ ಸದ್ದಿಲ್ಲದೆ ಬರುತ್ತದೆ. ಕಿಡ್ನಿಯ ಒಂದು ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿಸಿದೆವು. ಮೈಕ್ರೋಸ್ಕೋಪಿನಲ್ಲಿ ನಾನೂ ಕಣ್ಣಿಟ್ಟೆ. ಕಿಡ್ನಿಯ ಸಣ್ಣ ಕೊಳವೆಗಳ ಗೋಡೆಯೊಳಗೇ ಬಿಳಿರಕ್ತಕಣಗಳು ನುಗ್ಗಿ ಕೂತಿದ್ದವು. ಗಾಢ ನೀಲಿ ಚುಕ್ಕೆಗಳು, ಎಲ್ಲಿ ನೋಡಿದರೂ ಅವೇ. ಮೂರು ದಿನ ಸ್ಟಿರಾಯ್ಡ್ ಡ್ರಿಪ್ ಕೊಟ್ಟೆವು. ಕ್ರಿಯಾಟಿನಿನ್ 1.5ಕ್ಕೆ ಇಳಿದು ಅಲ್ಲೇ ನಿಂತಿತು. ಹಳೆಯ 1.2 ಮತ್ತೆ ಬರಲಿಲ್ಲ.

ನನ್ನ ಲೆಕ್ಕದ ಹಾಳೆಯಲ್ಲಿ ಆ 16 ಮಾತ್ರ ಒಂಟಿಯಾಗಿ ಮೇಲೆ ನಿಂತಿತ್ತು. ಲ್ಯಾಬಿನ ತಪ್ಪು ಅಂತ ತೆಗೆದುಹಾಕುವವನಿದ್ದೆ.

ದೀಪಾವಳಿಗೆ ಕುಮಟೆಯ ಮನೆಗೆ ಹೋದೆ. ಗಣಪತಿ ಕೂರಿಸುವ ಜಾಗದ ಮೇಲೆ ಫಲಾವಳಿಯ, ಅಂದರೆ ಚೌತಿಗೆ ಹಣ್ಣುಕಾಯಿ ಕಟ್ಟಿ ತೂಗಿಬಿಡುವ ಅಲಂಕಾರದ, ದಾರ ಇನ್ನೂ ನೇತಾಡುತ್ತಿತ್ತು. ‘ಈ ವರ್ಷ ಚಕ್ಕೋತ ತಿಂದು ತಿಂದು ಸಾಕಾಯ್ತು’ ಅಂದಳು ಅಮ್ಮ. ನಾನು ಊಟದ ಎಲೆಯ ಮುಂದೆ ಸುಮ್ಮನೆ ಕೂತುಬಿಟ್ಟೆ.

ಟ್ಯಾಕ್ರೋಲಿಮಸ್‌ನ ಒಂದಷ್ಟು ಪಾಲನ್ನು ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವ ಒಡೆದುಹಾಕುತ್ತದೆ. ಚಕ್ಕೋತದಲ್ಲಿರುವ ಅಂಶ ಆ ಕಿಣ್ವವನ್ನೇ ಕೆಡಿಸುತ್ತದೆ. ಆಗ ಅದೇ ಮಾತ್ರೆಯಿಂದ ರಕ್ತಕ್ಕೆ ಹೋಗುವ ಮದ್ದು ಜಾಸ್ತಿ. ಕರುಳು ಹೊಸ ಕಿಣ್ವ ಮಾಡಿಕೊಳ್ಳುವವರೆಗೂ, ಅಂದರೆ ಒಂದರಿಂದ ಮೂರು ದಿನ, ಹಾಗೇ. ಹಣ್ಣು ನಿಲ್ಲಿಸಿದರೆ ಲೆವೆಲ್ ತಾನೇ ಇಳಿಯುತ್ತದೆ. ನಾನು ಮಾತ್ರೆಯನ್ನೂ ಇಳಿಸಿದ್ದೆ. ಪುಸ್ತಕದಲ್ಲಿ ಓದಿದ್ದು ‘ಗ್ರೇಪ್‌ಫ್ರೂಟ್’. ಅದು ಚಕ್ಕೋತದ ವಂಶದ್ದೇ ಅಂತ ಗೊತ್ತಿತ್ತು. ಎದುರಿಗೆ ಕೂತವರ ಹಿತ್ತಲಿನ ಮರ ಮಾತ್ರ ನೆನಪಾಗಲಿಲ್ಲ.

ಫೋನ್ ಮಾಡಿ ಕೇಳಿದೆ. ‘ಹೌದು, ದಿನಾ ಒಂದು ತಿಂತಿದ್ದೆ. ಡಯಾಲಿಸಿಸ್ ಇದ್ದಾಗ ಪೊಟ್ಯಾಸಿಯಂ ಅಂತ ಹಣ್ಣು ಮುಟ್ಟೋಕೆ ಬಿಟ್ಟಿರಲಿಲ್ಲ. ಕಸಿ ಆದ್ಮೇಲೆ ಹಣ್ಣು ತಿನ್ನಿ ಅಂದವರು ನೀವೇ ಅಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಲೆವೆಲ್ ಬರೆಯುವ ಹಾಳೆಯಲ್ಲಿ ಇನ್ನೊಂದು ಕಾಲಂ ಇದೆ: ಹಿಂದಿನ ಮೂರು ದಿನ ಏನು ತಿಂದಿರಿ. ಒಂದು ರಿಪೋರ್ಟ್ ಎತ್ತರ ಬಂದರೆ, ಆತುರ ಇಲ್ಲದಿದ್ದರೆ, ಮೊದಲು ಮತ್ತೊಮ್ಮೆ ರಕ್ತ, ಆಮೇಲೆ ಮಾತ್ರೆಯ ಮಾತು.

ಮುಂದಿನ ಚೌತಿಗೆ ಅವರದೇ ಫೋನ್. ಫಲಾವಳಿಗೆ ಚಕ್ಕೋತ ಕಟ್ಟಬಹುದಾ ಅಂತ. ಕಟ್ಟಿ, ಇಳಿಸಿದ ಮೇಲೆ ಪಕ್ಕದ ಮನೆಗೆ ಕೊಡಿ ಅಂದೆ.

‘ಅವರು ಬಿಪಿ ಮಾತ್ರೆ ತಗೊಳ್ತಾರೆ, ಅಡ್ಡಿಲ್ವಾ?’

ಕೆಲವು ಬಿಪಿ ಮಾತ್ರೆಗೂ ಇದೇ ಪಾಡು. ಯಾವ ಮಾತ್ರೆ ಅಂತ ಕೇಳಿ ಹೇಳಿ ಅಂದೆ.