ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಅನ್ನಬೇಡಿ

ಗೇಮ್ ಶುರುವಾದೊಡನೆ ಕಂಪ್ಯೂಟರ್ ಆಫ್ ಆಗುತ್ತದೆ, ಇಲ್ಲವೇ ಬೆಳಿಗ್ಗೆ ನಾಲ್ಕು ಸಲ ಬಟನ್ ಒತ್ತಿದ ಮೇಲೇ ಏಳುತ್ತದೆ. ಇಂಥಲ್ಲಿ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿಯ ಮೇಲೆ. ಆದರೆ ತಂತಿ ಸಿಕ್ಕಿಸಿ, ಫ್ಯಾನ್ ತಿರುಗಿದ್ದನ್ನು ನೋಡಿ, ‘ಇದು ಚೆನ್ನಾಗಿದೆ’ ಎಂದು ಮದರ್‌ಬೋರ್ಡ್ ಬದಲಿಸಲು ಹೊರಡುವವರೇ ಜಾಸ್ತಿ.

1. ಗೋಡೆಯಿಂದ ಶುರುಮಾಡಿ. ಮಾನಿಟರ್‌ನ ಪವರ್ ಕೇಬಲ್ ತೆಗೆದು ಸಿಪಿಯುಗೆ ಹಾಕಿ ನೋಡಿ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು; 115ಕ್ಕೆ ತಳ್ಳಿ ಕರೆಂಟ್ ಕೊಟ್ಟರೆ ಢಮಾರ್. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದುಂಟು. ಅದು ಸಾಮಾನ್ಯವಾಗಿ ಎಸ್‌ಎಂಪಿಎಸ್ ಕೆಟ್ಟದ್ದರಿಂದಲ್ಲ. ಅರ್ಥ್ ಸಿಗದಿದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳೇ ತಗಡಿನ ಮೇಲೆ ಸುಮಾರು 115 ವೋಲ್ಟ್ ತಂದು ನಿಲ್ಲಿಸುತ್ತವೆ. ಗುಂಡಿಗೆ ನೀರು ಹಾಕಿ. ಆಮೇಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

2. ಮುಂಭಾಗದ ಬಟನ್ ಕೆಟ್ಟಿರಬಹುದು. ಅದರ ವೈರ್ ಕಿತ್ತು, ಮದರ್‌ಬೋರ್ಡಿನ ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಿ.

3. ತಂತಿ ಪರೀಕ್ಷೆ. ಪ್ಲಗ್ ಕಿತ್ತು, ಮದರ್‌ಬೋರ್ಡಿನಿಂದ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್ ಬಿಚ್ಚಿ, ಹಸಿರು ವೈರಿನ ತೂತನ್ನು ಪಕ್ಕದ ಕಪ್ಪಿಗೆ ತಂತಿಯಿಂದ ಜೋಡಿಸಿ. ಲೋಡಿಗೆ ಹಳೇ ಹಾರ್ಡ್ ಡಿಸ್ಕ್ ಒಂದಿರಲಿ. ಆಮೇಲೆ ಪ್ಲಗ್ ಹಾಕಿ. ಫ್ಯಾನೂ ಹಾರ್ಡ್ ಡಿಸ್ಕೂ ಎರಡೂ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿದೆ. ತಿರುಗಿದರೆ ಸತ್ತಿಲ್ಲ, ಅಷ್ಟೇ. ಎಲ್ಲ ವೈರೂ ಕಪ್ಪಗಿದ್ದರೆ ಕಂಪನಿಯ ಪಿನ್ ಚಾರ್ಟ್ ನೋಡದೆ ಏನನ್ನೂ ಜೋಡಿಸಬೇಡಿ.

4. ಅಸಲಿ ಪರೀಕ್ಷೆ ಇದು. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಕಂಪ್ಯೂಟರ್ ಓಡುತ್ತಿರುವಾಗಲೇ ಅಳೆಯಬೇಕು. ಮಲ್ಟಿಮೀಟರ್ ಡಿಸಿ 20 ವೋಲ್ಟ್ ರೇಂಜಿನಲ್ಲಿರಲಿ. ಕೆಂಪು ಪ್ರೋಬಿಗೆ ತುದಿಯಲ್ಲಿ 3 ಮಿ.ಮೀ. ಮಾತ್ರ ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿ. ಜಾರಿ ಎರಡು ಪಿನ್ ಒಟ್ಟಿಗೆ ತಗುಲಿದರೆ ಬೋರ್ಡ್ ಹೋಯಿತು. ಕಪ್ಪು ಪ್ರೋಬನ್ನು ಖಾಲಿ ಇರುವ 4 ಪಿನ್ ಕನೆಕ್ಟರಿನ ಕಪ್ಪು ವೈರಿನ ತೂತಿಗೆ ಸಿಕ್ಕಿಸಿ. ಕೆಂಪನ್ನು 24 ಪಿನ್ ಕನೆಕ್ಟರಿನ ಹಿಂದಿನಿಂದ, ವೈರಿನ ಪಕ್ಕದಲ್ಲೇ, ಲೋಹ ಸಿಗುವವರೆಗೆ ಇಳಿಸಿ. ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪು ವೈರಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಬರಬೇಕು. ನೇರಳೆ ವೈರಿನಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರಬೇಕು. ಅಲ್ಲಿ ಕಡಿಮೆಯಾದರೆ ಬೆಳಗಿನ ತಾಪತ್ರಯಕ್ಕೆ ಅದೇ ಕಾರಣವಿರಬಹುದು.

ಈಗ ಪ್ರೋಬ್ ಹಳದಿಯಲ್ಲಿಟ್ಟುಕೊಂಡೇ ಭಾರಿ ಗೇಮ್ ಹಾಕಿ. 12.1 ಇದ್ದದ್ದು 11.8ಕ್ಕೆ ಬಂದರೆ ಚಿಂತೆಯಿಲ್ಲ. 11.3ಕ್ಕೆ ಕುಸಿದರೆ ಎಸ್‌ಎಂಪಿಎಸ್ ಬದಲಿಸಿ. ಪ್ರೊಸೆಸರ್ ಪಕ್ಕದ ಕನೆಕ್ಟರಿನ ಹಳದಿಯನ್ನೂ ನೋಡಿ. ಅಲ್ಲಿ ಮಾತ್ರ ಕಡಿಮೆ ಇದ್ದು ಪ್ಲಾಸ್ಟಿಕ್ ಕಂದು ತಿರುಗಿದ್ದರೆ ಪಿನ್ ಸುಟ್ಟಿದೆ. ಪಂಪ್‌ಸೆಟ್‌ಗಳು ಓಡಿ ಮನೆಯ ವೋಲ್ಟೇಜ್ ಇಳಿಯುವ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯಿರಿ. ಅಂಕಿ ಎಲ್ಲ ಸರಿಯಿದ್ದೂ ರೀಸ್ಟಾರ್ಟ್ ನಿಲ್ಲದಿದ್ದರೆ ಎರವಲು ತಂದಾದರೂ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿ, ಏಕೆಂದರೆ ಔಟ್‌ಪುಟ್ಟಿನಲ್ಲಿ ಸೇರಿರುವ ರಿಪಲ್, ಅಂದರೆ ವೋಲ್ಟೇಜಿನ ಅತಿ ವೇಗದ ಸಣ್ಣ ಏರಿಳಿತ, ಈ ಮೀಟರಿಗೆ ಕಾಣುವುದಿಲ್ಲ.

5. ಡಬ್ಬಿ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಹಿಡಿದುಕೊಂಡಿರಬಹುದು.

ಹೊಸದು ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ ಊರಿನ ಅಂಗಡಿಯಲ್ಲೇ ಕೊಂಡರೂ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವಾಟ್’ ಬೇಡ. ಲೇಬಲ್ಲಿನಲ್ಲಿ 12 ವೋಲ್ಟಿನ ಆಂಪ್ ಓದಿ: 18 ಆಂಪ್ ಇದ್ದರೆ ಆ ಲೈನಿನಲ್ಲಿ ಸಿಗುವುದು 216 ವಾಟ್ ಮಾತ್ರ. 36 ಆಂಪ್ ಇರುವ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನದು ತನ್ನಿ. ಕೇಬಲ್ ಕಳಚುವ ಮಾದರಿಯಾದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಬೇಡಿ. ತೂತು ಸರಿಹೊಂದಿದರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಡಬಹುದು.