ಗಿಟಾರಿನ ಕುದುರೆ ಎದ್ದು ನಿಂತಾಗ

ಗಣೇಶನ ಹಬ್ಬಕ್ಕೆ ಮಂಡ್ಯದಲ್ಲಿ ನಮ್ಮ ಆರ್ಕೆಸ್ಟ್ರಾ ಇತ್ತು. ಮೂರನೇ ಹಾಡಿನ ಮಧ್ಯೆ ನನ್ನ ಗಿಟಾರಿನ ತೆಳು ಇ ತಂತಿ ಪಟ್ ಅಂತ ಹೋಯಿತು. ಒಂದು ಹೋದರೆ ಐದು ಉಳಿದಿವೆ ಅಲ್ವಾ, ಹೇಗೋ ತಳ್ಳೋಣ ಅಂದುಕೊಂಡೆ. ನೋಡಿದರೆ ಆ ಐದೂ ಒಟ್ಟಿಗೆ ಶ್ರುತಿ ಏರಿಸಿಕೊಂಡು ಕೂತಿದ್ದವು. ಆಗ ಕೀಬೋರ್ಡಿನವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ನನ್ನದು ಸ್ಟ್ರಾಟ್ ಮಾದರಿಯ ಗಿಟಾರು. 1954ರಲ್ಲಿ ಫೆಂಡರ್ ಕಂಪನಿ ಸ್ಟ್ರಾಟೊಕ್ಯಾಸ್ಟರ್ ಜೊತೆ ತಂದ ಟ್ರೆಮೊಲೊ ಬ್ರಿಡ್ಜ್ ಇದರಲ್ಲಿದೆ. ಬ್ರಿಡ್ಜ್ ಅಂದರೆ ವೀಣೆಯವರು ಹೇಳುವ ಕುದುರೆ. ಇಲ್ಲಿ ಅದು ಮರಕ್ಕೆ ಅಂಟಿಕೊಂಡಿರುವುದಿಲ್ಲ. ಮುಂದಿನ ಅಂಚಿನ ಆರು ಸ್ಕ್ರೂಗಳ ಮೇಲೆ ಮುಚ್ಚಳದ ಹಾಗೆ ಏಳುತ್ತದೆ, ಇಳಿಯುತ್ತದೆ. ಅದಕ್ಕೆ ಸಿಕ್ಕಿಸಿದ ಬಾರ್ ಅನ್ನುವ ಕಡ್ಡಿ ಒತ್ತಿದರೆ ಸ್ವರ ಅಲುಗುತ್ತದೆ. ಮೇಲೆ ತಂತಿಗಳು ಅದನ್ನು ಎಬ್ಬಿಸಲು ಎಳೆಯುತ್ತವೆ, ಹಿಂದಿನ ಗುಂಡಿಯಲ್ಲಿರುವ ಸ್ಪ್ರಿಂಗುಗಳು ಕೂರಿಸಲು ಎಳೆಯುತ್ತವೆ. ಹಗ್ಗಜಗ್ಗಾಟದಲ್ಲಿ ಒಬ್ಬ ಕೈ ಬಿಟ್ಟರೆ ಇನ್ನೊಂದು ಕಡೆಯವರು ಎಳೆದುಕೊಂಡು ಹೋಗುತ್ತಾರಲ್ಲ, ಮಂಡ್ಯದಲ್ಲಿ ಆಗಿದ್ದು ಅದೇ. (ಇದನ್ನು ಟ್ರೆಮೊಲೊ ಅನ್ನುವುದೇ ತಪ್ಪು. ಟ್ರೆಮೊಲೊ ಅಂದರೆ ಸದ್ದು ಹೆಚ್ಚು ಕಡಿಮೆ ಆಗುವುದು. ಇಲ್ಲಿ ಅಲುಗುವುದು ಸ್ವರ, ಅದು ವೈಬ್ರೇಟೊ. ಆದರೆ ಇಟ್ಟ ಹೆಸರು ಹೋಗಲಿಲ್ಲ.)

ಮೈಸೂರಿಗೆ ಬಂದವನೇ ದಪ್ಪ ತಂತಿ ಹಾಕೋಣ ಅಂತ ತೀರ್ಮಾನಿಸಿದೆ. ಒಂಬತ್ತರ ಸೆಟ್ ತೆಗೆದು ಹತ್ತರದ್ದು. ಒಂಬತ್ತು ಅಂದರೆ ಅತಿ ತೆಳು ತಂತಿ 0.009 ಇಂಚು ದಪ್ಪ, ಹತ್ತು ಅಂದರೆ 0.010. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಆದರೆ ಆರೂ ತಂತಿಗಳ ಎಳೆತ ಕೂಡಿಸಿದರೆ ಮೊದಲು ಸುಮಾರು 38 ಕೆಜಿ ಇದ್ದದ್ದು 46 ಕೆಜಿ ದಾಟುತ್ತದೆ. ಇದನ್ನು ಆಮೇಲೆ ಓದಿದೆ. ಅವತ್ತು ಆರನ್ನೂ ಒಟ್ಟಿಗೆ ಬಿಚ್ಚಿ, ಹೊಸದು ಪೋಣಿಸಿ, ಶ್ರುತಿ ತೋರಿಸುವ ಟ್ಯೂನರ್ ಇಟ್ಟುಕೊಂಡು ಕೂತೆ.

ಇ ತಂತಿ ಸರಿಮಾಡಿ ಎ ತಂತಿ ಏರಿಸಿದರೆ ಇ ಇಳಿಯಿತು. ಡಿ ಏರಿಸಿದರೆ ಎರಡೂ ಇಳಿದವು. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಮುಕ್ಕಾಲು ಗಂಟೆ ಬಿರಡೆ ತಿರುಗಿಸಿದ ಮೇಲೆ ಶ್ರುತಿಯೇನೋ ನಿಂತಿತು. ಆದರೆ ಬ್ರಿಡ್ಜಿನ ಹಿಂಭಾಗ ಬಾಯಿ ಬಿಟ್ಟುಕೊಂಡಿತ್ತು. ತಂತಿಗಳು ಎಷ್ಟು ಮೇಲೆ ಹೋಗಿದ್ದವು ಅಂದರೆ ಒತ್ತಿದರೆ ಬೆರಳು ನೋಯುತ್ತಿತ್ತು. ನಮ್ಮ ಸೋದರತ್ತೆ ವೀಣೆ ಕಲಿತವರು. ಕಾಫಿ ತಂದಿಟ್ಟು ಬಗ್ಗಿ ನೋಡಿದರು. "ಏನೋ ಇದು, ಕುದುರೆ ಮುಂಗಾಲೆತ್ತಿ ನಿಂತಿದೆ! ನಮ್ಮ ವೀಣೇದು ಹೀಗೆಲ್ಲ ಕುಣಿಯಲ್ಲಪ್ಪ."

ನಾನು ಮಾಡಿದ ದೊಡ್ಡ ತಪ್ಪು ಮುಂದಿನದು. ತಂತಿ ಮೇಲಿದೆ ಅಂತ, ಬ್ರಿಡ್ಜಿನಲ್ಲಿ ಒಂದೊಂದು ತಂತಿಯೂ ಕೂರುವ ತುಂಡುಗಳಾದ ಸ್ಯಾಡಲ್‌ಗಳ ಪುಟ್ಟ ಸ್ಕ್ರೂ ತಿರುಗಿಸಿ ತಗ್ಗಿಸಿದೆ. ಅದು ಸೂರು ಸೋರಿದರೆ ಕೆಳಗೆ ಬಕೆಟ್ ಇಟ್ಟ ಹಾಗೆ. ತಿರುಗಿಸಬೇಕಿದ್ದದ್ದು ಹಿಂದೆ.

ಮಾರನೇ ದಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಒಳಗೆ ಮೂರು ಸ್ಪ್ರಿಂಗು, ಅವುಗಳನ್ನು ಹಿಡಿದಿರುವ ಉಗುರಿನಂಥ ತಗಡು, ಅದನ್ನು ಮರಕ್ಕೆ ಬಿಗಿದಿರುವ ಎರಡು ಉದ್ದ ಸ್ಕ್ರೂ. ತಂತಿಗಳನ್ನು ಸಡಿಲ ಬಿಟ್ಟೆ, ಕುದುರೆ ಕೂತಿತು. ಅದರ ಹಿಂಭಾಗ ಮೈಯಿಂದ ಸುಮಾರು 3.2 ಮಿಲಿಮೀಟರ್ ಮೇಲಿರಬೇಕು ಅನ್ನುವುದು ಫೆಂಡರ್‌ನವರ ಲೆಕ್ಕ. ಒಂದು ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ನಾಲ್ಕು ಸೇರಿದರೆ ಮೂರರ ಹತ್ತಿರ. ನಾಲ್ಕು ಹಳೇ ಕಾರ್ಡು ಕೆಳಗೆ ತೂರಿಸಿದೆ. (ಅದರಲ್ಲೊಂದು ಹಳೇದಲ್ಲ ಅಂತ ಸಂಜೆ ಪೆಟ್ರೋಲ್ ಬಂಕಿನಲ್ಲಿ ಗೊತ್ತಾಯಿತು.)

ಇನ್ನು ಬೆಣೆ. ಬ್ರಿಡ್ಜಿನ ಕೆಳಗೆ ಒಂದು ಲೋಹದ ದಿಮ್ಮಿ ಗುಂಡಿಯೊಳಗೆ ಇಳಿಬಿದ್ದಿರುತ್ತದೆ. ಕುದುರೆ ಎದ್ದಾಗ ಇದು ಗಿಟಾರಿನ ಬಾಲದ ಕಡೆ ಸರಿಯುತ್ತದೆ. ಅಲ್ಲಿ, ದಿಮ್ಮಿಗೂ ಗುಂಡಿಯ ಗೋಡೆಗೂ ನಡುವೆ, ಮರದ ಚೂರು ಸಿಕ್ಕಿಸಿದರೆ ಅದು ಏಳುವುದೇ ಇಲ್ಲ. ಪಕ್ಕದ ಮನೆಯವರು ಬೀಟೆಮರದ ಇನ್‌ಲೇ ಕೆಲಸದವರು. ಅವರ ಹತ್ತಿರ ಒಂದು ತುಂಡು ಕೇಳಿ ತಂದು, ಬಿಗಿಯಾಗಿ ಕೂರುವ ತನಕ ಉಜ್ಜಿದೆ.

ಈಗ ಶ್ರುತಿ ಮಾಡಿದರೆ ಆಹಾ! ಒಂದು ತಂತಿ ಏರಿಸಿದರೆ ಇನ್ನೊಂದು ಕದಲುವುದಿಲ್ಲ. ಐದು ನಿಮಿಷದಲ್ಲಿ ಆರೂ ಮುಗಿದವು. ಕಾರ್ಡುಗಳನ್ನು ಎಳೆದು ತೆಗೆದೆ.

ಆಮೇಲೆ ಆ ಎರಡು ಉದ್ದ ಸ್ಕ್ರೂ. ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ಮರ ಕಿರ್ ಅನ್ನುತ್ತದೆ, ಸ್ಪ್ರಿಂಗು ಸಣ್ಣಗೆ ಟಿಂಗ್ ಅನ್ನುತ್ತದೆ. ಪ್ರತಿ ಸಲವೂ ಬೆಣೆಯನ್ನು ಬೆರಳಲ್ಲಿ ಅಲುಗಿಸಿ ನೋಡಿದೆ. ಮೊದಲೆಲ್ಲ ಕಲ್ಲಿನ ಹಾಗೆ. ಸುಮಾರು ಮೂರು ಸುತ್ತಾದ ಮೇಲೆ ಸ್ವಲ್ಪ ಜಾರಿತು. ಇನ್ನೊಂದು ಕಾಲು ಸುತ್ತು ಕೊಟ್ಟೆ, ತಾನಾಗಿ ಕಳಚಿ ಕೈಗೆ ಬಂತು. ಅಂದರೆ ಎರಡೂ ಕಡೆಯ ಎಳೆತ ಸಮ ಆಯಿತು ಅಂತ. ಟ್ಯೂನರ್ ನೋಡಿದರೆ ಮುಳ್ಳು ಹೆಚ್ಚೂಕಡಿಮೆ ನಡುವೆಯೇ ಇತ್ತು.

ಉಳಿದದ್ದು ಚಿಲ್ಲರೆ ಕೆಲಸ. ಹಿಂದಿನ ದಿನ ಕೆಡಿಸಿದ್ದ ಸ್ಯಾಡಲ್‌ಗಳನ್ನು ಮತ್ತೆ ಎತ್ತಿದೆ, ಹದಿನೇಳನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಮೇಲೆ ತಂತಿ 1.6 ಮಿಲಿಮೀಟರ್ ಎತ್ತರಕ್ಕೆ ಬರುವ ಹಾಗೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನು ಅಲ್ಲಿನ ಹಾರ್ಮೋನಿಕ್ (ಒತ್ತದೆ ಬರೀ ಬೆರಳು ತಾಕಿಸಿ ಮೀಟಿದಾಗ ಬರುವ ಸ್ವರ) ಜೊತೆ ಹೋಲಿಸಿದೆ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ಟಿನ ಗೀರುಗಳಿಗೆ ಪೆನ್ಸಿಲ್ ಸೀಸ ಬಳಿದೆ, ಬಾರ್ ಒತ್ತಿ ಬಿಟ್ಟಾಗ ತಂತಿ ಅಲ್ಲಿ ಸಿಕ್ಕಿಕೊಳ್ಳಬಾರದು ನೋಡಿ.

ಅಂದಹಾಗೆ, ಮಂಡ್ಯದಲ್ಲಿ ತುಂಡಾದ ತಂತಿಯನ್ನು ಆಮೇಲೆ ನೋಡಿದೆ. ತುಂಡಾಗಿದ್ದದ್ದು ಸರಿಯಾಗಿ ಸ್ಯಾಡಲ್ ಮೇಲೆ. ಬೆರಳಿಟ್ಟರೆ ಅಲ್ಲೊಂದು ಸಣ್ಣ ಮುಳ್ಳು ತಾಕುತ್ತಿತ್ತು. ನಯವಾದ ಮರಳು ಕಾಗದ ಎರಡು ಸಲ ಆಡಿಸಿದರೆ ಮುಗಿಯುತ್ತಿತ್ತು. ದಪ್ಪ ತಂತಿಯೇ ಬೇಕಿರಲಿಲ್ಲ. ಆದರೂ ಅದರ ಸದ್ದು ಹಿಡಿಸಿದೆ, ಹಾಗೇ ಬಿಟ್ಟಿದ್ದೇನೆ.

ಮೊನ್ನೆ ಮತ್ತೆ ತಂತಿ ಬದಲಾಯಿಸಿದೆ. ಅದೇ ಹತ್ತರ ಸೆಟ್. ಒಂದು ಬಿಚ್ಚಿ, ಅದರ ಜಾಗಕ್ಕೆ ಒಂದು ಹಾಕಿ, ಶ್ರುತಿ ಮಾಡಿ, ಆಮೇಲೆ ಮುಂದಿನದು. ಹಿಂದಿನ ಮುಚ್ಚಳ ತೆಗೆಯಲೇ ಇಲ್ಲ. ಅತ್ತೆ ತಂದಿಟ್ಟ ಕಾಫಿ ಆರುವಷ್ಟರಲ್ಲಿ ಮುಗಿದಿತ್ತು.