ಹಗ್ಗಕ್ಕೆ ಜುಗ್ಗತನ ಬೇಡ: ಕಡಿಮೆ ಖರ್ಚಿನಲ್ಲಿ ಮರ ಹತ್ತುವುದು ಹೇಗೆ?

ಹಗ್ಗ ಹಾಕಿ ಮೋಜಿಗೆ ಮರ ಹತ್ತಲು ದುಬಾರಿ ಸಲಕರಣೆಗಳ ರಾಶಿಯೇನೂ ಬೇಡ. ಹಗ್ಗ, ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿ), ಹೆಲ್ಮೆಟ್, ಎರಡು ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ), ಜೊತೆಗೆ ಕಣ್ಣುಮುಚ್ಚಿಯೂ ಕಟ್ಟಲು ಬರುವ ಒಂದು ಗಂಟು ಸಾಕು. ಮೈಭಾರ ಹೊರುವುದನ್ನೆಲ್ಲ ಹೊಸದಾಗಿ ಕೊಳ್ಳಿ, ಉಳಿದದ್ದನ್ನು ಮನೆಯಲ್ಲೇ ಹೊಂದಿಸಿಕೊಳ್ಳಿ.

ಏನು ಕೊಳ್ಳಬೇಕು?

ಮರ ಸವರುವ ಕಸುಬಿನವರು ಬಳಸುವ 12–13 ಮಿ.ಮೀ. ದಪ್ಪದ ಹಗ್ಗವೇ ಬೇಕು. ಅದು ಕೊಂಬೆಯ ಮೇಲಿಂದ ಎರಡೆಳೆಯಾಗಿ ಇಳಿಯುವುದರಿಂದ ಕೊಂಬೆಯ ಎತ್ತರದ ಎರಡರಷ್ಟು ಉದ್ದ, ಮೇಲೆ ಐದು ಮೀಟರ್ ಲೆಕ್ಕ ಹಾಕಿ. 15 ಮೀಟರ್ ಎತ್ತರಕ್ಕೆ 35 ಮೀಟರ್ ಹಗ್ಗ. ಬಂಡೆ ಹತ್ತುವವರ ಹಗ್ಗ ಹಿಗ್ಗುತ್ತದೆ. ಮೇಲೇರುವ ಶ್ರಮದ ಪಾಲು ಅದರಲ್ಲೇ ಕಳೆದುಹೋಗುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗವಂತೂ ಬೇಡವೇ ಬೇಡ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ತಡೆದರೆ ಇದು 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಗಂಟು ಉಜ್ಜುವ ಬಿಸಿ ಸಣ್ಣದಲ್ಲ.

ಕ್ಯಾರಬೈನರ್ ಮೇಲೆ ಕನಿಷ್ಠ 22 ಕಿಲೋನ್ಯೂಟನ್ (ತಾಳುವ ಬಲದ ಅಳತೆ) ಎಂದು ಕೆತ್ತಿರಬೇಕು, ಬಾಯಿ ತಾನಾಗಿ ಬೀಗ ಬೀಳುವಂತಿರಬೇಕು. ತಿರುಪಿನ ಬಾಯಿಯದು ಹಗ್ಗಕ್ಕೆ ಉಜ್ಜಿ ಸಡಿಲವಾಗಬಹುದು. ಬಂಡೆ ಹತ್ತುವ ಹಾರ್ನೆಸ್ ಆರಂಭಕ್ಕೆ ನಡೆಯುತ್ತದೆ, ಆದರೆ ಹೆಚ್ಚು ಹೊತ್ತು ನೇತಾಡಿದರೆ ತೊಡೆ ಜೋಮು ಹಿಡಿಯುತ್ತದೆ.

ಉಳಿತಾಯ ಇಲ್ಲಿದೆ: ದಪ್ಪ ಬಟ್ಟೆಯ ಪುಟ್ಟ ಚೀಲಕ್ಕೆ 350 ಗ್ರಾಂ ಮರಳು ತುಂಬಿ ಎರಡು ಹೊಲಿಗೆ ಹಾಕಿದರೆ ಕೊಂಬೆಯ ಮೇಲಿಂದ ದಾರ ದಾಟಿಸಲು ಎಸೆಯುವ ತೂಕ ಸಿದ್ಧ. ಅದಕ್ಕೆ 2 ಮಿ.ಮೀ. ದಪ್ಪದ ನುಣುಪು ದಾರ ಕಟ್ಟಿ, ದಾರವನ್ನು ಬಕೆಟ್ಟಿನೊಳಗೆ ಸಡಿಲವಾಗಿ ಇಳಿಬಿಡಿ. ತೊಗಟೆ ಕಾಯಲು ಹಳೆಯ ಅಗ್ನಿಶಾಮಕ ಪೈಪಿನ ಅರ್ಧ ಮೀಟರ್ ತುಂಡು ಸಾಕು.

ಮರ ಮತ್ತು ಕೊಂಬೆ

ಬುಡದಲ್ಲಿ ಅಣಬೆ, ಕಾಂಡದಲ್ಲಿ ಬಿರುಕು ಅಥವಾ ಪೊಟರೆ, ತುದಿಯಲ್ಲಿ ಒಣಕೊಂಬೆ, ಹತ್ತಿರದಲ್ಲಿ ವಿದ್ಯುತ್ ತಂತಿ, ಜೇನು ಅಥವಾ ಕಣಜದ ಗೂಡು: ಇವುಗಳಲ್ಲಿ ಒಂದಿದ್ದರೂ ಬೇರೆ ಮರ ನೋಡಿ. ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ಹಗ್ಗ ಹಾಕುವ ಕೊಂಬೆ ಹಸಿಯಾಗಿದ್ದು ಕನಿಷ್ಠ 15 ಸೆಂ.ಮೀ. ದಪ್ಪವಿರಲಿ, ಹಗ್ಗ ಕಾಂಡಕ್ಕೆ ಅಂಟಿಕೊಂಡಂತೆ ಕೂರಲಿ.

ತೂಕವನ್ನು ಎಸೆದಾಗ ಸಿಕ್ಕಿಹಾಕಿಕೊಂಡರೆ ಜಗ್ಗಬೇಡಿ. ಹಿಗ್ಗಿದ ದಾರ ಬಿಟ್ಟುಕೊಂಡಾಗ ಚೀಲ ನೇರ ಮುಖಕ್ಕೇ ಬರುತ್ತದೆ. ತೂಕ ಕೆಳಗಿಳಿದ ಮೇಲೆ ದಾರಕ್ಕೆ ಹಗ್ಗ ಕಟ್ಟಿ, ಗಂಟಿನ ಮೇಲೆ ಟೇಪ್ ಸುತ್ತಿ, ಇಲ್ಲವಾದರೆ ಅದು ಕವಲಿನಲ್ಲಿ ಕಚ್ಚಿಕೊಳ್ಳುತ್ತದೆ. ಪೈಪಿನ ತುಂಡನ್ನು ಹಗ್ಗಕ್ಕೆ ಪೋಣಿಸಿ ಅದರ ಹಿಂದೆ ಜಾರುಗಂಟು ಹಾಕಿದರೆ ಹಗ್ಗದೊಂದಿಗೇ ಮೇಲೇರುತ್ತದೆ. ಅದು ಕೊಂಬೆಯ ಮೇಲೆ ಕೂತ ಬಳಿಕ ಕೆಳಗಿನಿಂದ ಎಳೆದು ಗಂಟು ಬಿಚ್ಚಿ.

ಮುಖ್ಯವಾದ ಗಂಟು

ಹಗ್ಗದ ಒಂದು ತುದಿಯಲ್ಲಿ ಒಂದೂವರೆ ಮೀಟರ್ ಬಾಲ ಬಿಟ್ಟು ಎಂಟರಾಕಾರದ ಕುಣಿಕೆ ಹಾಕಿ, ಕ್ಯಾರಬೈನರ್‌ನಿಂದ ಹಾರ್ನೆಸ್‌ಗೆ ಸೇರಿಸಿ. ಆ ಬಾಲದಿಂದ ಇನ್ನೊಂದು ಎಳೆಯ ಮೇಲೆ ಬ್ಲೇಕ್ಸ್ ಹಿಚ್ (ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ, ಸಡಿಲಾದಾಗ ಸರಿಯುವ ಗಂಟು) ಕಟ್ಟಬೇಕು. ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಸುತ್ತಿ. ಮೊದಲ ಎರಡು ಸುತ್ತಿನೊಳಗೆ ಹೆಬ್ಬೆರಳಿರಲಿ. ತುದಿಯನ್ನು ಕೆಳಗೆ ತಂದು, ಹಾರ್ನೆಸ್‌ನಿಂದ ಬರುವ ಭಾಗದ ಮುಂದೆ ದಾಟಿಸಿ, ಮುಖ್ಯ ಎಳೆಯ ಹಿಂದೆ ಹಾಯಿಸಿ, ಹೆಬ್ಬೆರಳಿದ್ದ ಜಾಗದಿಂದ ಹೊರತೆಗೆಯಿರಿ. ಮುಂದೆ ದಾಟಿಸುವುದನ್ನು ಮರೆತರೆ ನೋಡಲು ಹಾಗೆಯೇ ಇರುವ, ಆದರೆ ಭಾರ ಬಿದ್ದಾಗ ಉರುಳಿ ಬಿಚ್ಚಿಕೊಳ್ಳಬಲ್ಲ ಬೇರೆಯದೇ ಗಂಟಾಗುತ್ತದೆ. ಬಾಲದ ತುದಿಗೆ ತಡೆಗಂಟು ಕಡ್ಡಾಯ, ಹಗ್ಗದ ಇನ್ನೊಂದು ತುದಿಗೂ ಒಂದಿರಲಿ.

ಏರುವುದು, ಇಳಿಯುವುದು

ಮೊದಲು ಇಬ್ಬರು ನೆಲದಿಂದಲೇ ಎರಡೂ ಎಳೆ ಹಿಡಿದು ಜೋತುಬಿದ್ದು ಕೊಂಬೆಯನ್ನು ಪರೀಕ್ಷಿಸಿ. ಹಿಚ್‌ನ ಕೆಳಗೆ ಅದೇ ಎಳೆಗೆ 8 ಮಿ.ಮೀ. ಹುರಿಯ ಕುಣಿಕೆಯನ್ನು ಪ್ರೂಸಿಕ್ ಗಂಟಿನಿಂದ (ಇದೂ ಹಗ್ಗವನ್ನು ಕಚ್ಚಿ ಹಿಡಿಯುವಂಥದೇ) ಕಟ್ಟಿ, ಅದರಲ್ಲಿ ಪಾದವಿಟ್ಟು ನಿಲ್ಲಿ, ಸಡಿಲಾದ ಹಿಚ್ ಅನ್ನು ಮೇಲಕ್ಕೆ ತಳ್ಳಿ, ಕುಳಿತುಕೊಳ್ಳಿ, ಕುಣಿಕೆಯನ್ನು ಸರಿಸಿ. ಒಂದು ಮೀಟರ್ ಹಗ್ಗ ಎಳೆದರೆ ಅರ್ಧ ಮೀಟರ್ ಮಾತ್ರ ಏರುತ್ತೀರಿ. ಪ್ರತಿಯಾಗಿ ಶ್ರಮವೂ ಕಡಿಮೆ. ಆರಂಭದ ದಿನಗಳಲ್ಲಿ ಆಳೆತ್ತರ ದಾಟದೆ ಏರಿಳಿತವನ್ನಷ್ಟೇ ರೂಢಿಸಿಕೊಳ್ಳಿ. ಒಬ್ಬರೇ ಹತ್ತಬೇಡಿ: ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ ನೇತಾಡುವವರನ್ನು ಬೇಗ ಇಳಿಸದಿದ್ದರೆ ಜೀವಕ್ಕೇ ಅಪಾಯ. ಜೊತೆಗಾರನಿಗೆ ಇಳಿಸುವ ವಿಧಾನ ಗೊತ್ತಿರಬೇಕು.

ಇಳಿಯುವಾಗ ಹಿಚ್‌ನ ನೆತ್ತಿಯನ್ನು ಮೆಲ್ಲಗೆ ಒತ್ತಿ. ರಭಸ ಹೆಚ್ಚಿದರೆ ನೂಲು ಕರಗಿ ಗಾಜಿನಂತೆ ಹೊಳೆಯತೊಡಗುತ್ತದೆ. ಹಾಗಾದ ಬಾಲವನ್ನು ಕತ್ತರಿಸಿ ಹಾಕಿದರೆ ಆಯಿತು, ಹಗ್ಗ ಒಂದೂವರೆ ಮೀಟರ್ ಕುಗ್ಗುತ್ತದೆ ಅಷ್ಟೆ. ಹಗ್ಗ ಸೆಳೆದುಕೊಳ್ಳುವ ಮೊದಲು ಎರಡೂ ತುದಿಯ ಗಂಟುಗಳನ್ನು ಬಿಚ್ಚಿ, ಹೆಲ್ಮೆಟ್ ತೆಗೆಯದೆ ದೂರ ನಿಂತು ಎಳೆಯಿರಿ; ಪೈಪಿನ ತುಂಡೂ ಅದರೊಂದಿಗೆ ಬೀಳುತ್ತದೆ.